ಬೇಡ ಅಂದ್ರೆ ಬೇಡ ಅಂತಾನಾ?

ಹೆಂಡತಿ: ನೀವೇ ತಾನೆ ಬೇಡ ಅಂದಿದ್ದು?

ಗಂಡ: ಅಂದೆ. ಬೇಡ ಅಂದ್ರೆ ಬೇಡ ಅಂತಾನಾ?

ಹೆಂಡತಿ: ಮತ್ತೇನು, ಬೇಕು ಅಂತಾನಾ?

ಗಂಡ: ಅಲ್ಲ ಕಣೇ. ಬೇಡ ಅಂದ್ರೆ... ಇನ್ನೊಂದು ಸಲ ಕೇಳಿ ಅಂತ.

ಕಿಟಕಿಯಾಚೆ ದೋಣಿಗಳು ನಿಂತ ಬಂದರು, ಎತ್ತರದ ಗೋಪುರ, ಟೋಪಿ ಹಾಕಿಕೊಂಡು ಕಂಡಕಂಡದ್ದಕ್ಕೆಲ್ಲ ಫೋನ್ ಹಿಡಿಯುವ ಪ್ರವಾಸಿಗಳ ಜಾತ್ರೆ. ಕಿಟಕಿಯೀಚೆ ಫುಡ್ ಕೋರ್ಟ್. ಸುತ್ತಲೂ ಕೌಂಟರುಗಳು, ನಡುವೆ ಮೇಜು, ಸ್ಟೂಲು, ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಕೂರುವ ಗಡಿಬಿಡಿ. ಮೂಲೆಯ ಮೇಜು ಹಿಡಿದ ಈ ದಂಪತಿಯಲ್ಲಿ ಹೆಂಡತಿಯ ಮುಂದೆ ಹಬೆಯಾಡುವ ನೂಡಲ್ಸ್ ಇದೆ. ಗಂಡನ ಮುಂದೆ ಟ್ರೇ ಇದೆ, ಟ್ರೇಯಲ್ಲಿ ಒಂದು ಚಮಚ ಮತ್ತು ಒಂದಿಷ್ಟು ಟಿಶ್ಯೂ ಕಾಗದ. ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರ ಕಣ್ಣೆಲ್ಲ ಸರಿಮಾಡಿದ ಮನುಷ್ಯ, ಪಾಪ, ಕೌಂಟರುಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದು ಕುಳಿತಿದ್ದಾರೆ. ಪಾಪ ಅಂದೆನಲ್ಲ, ಆ ಮಾತು ವಾಪಸ್ಸು. ತಪ್ಪು ಪೂರಾ ಅವರದೇ.

ಗಂಡ: ಸೂಪಿನವನು 'ಬೇಕಾ ಸಾರ್' ಅಂದ. 'ಬೇಡಪ್ಪಾ' ಅಂದೆ. ಸೌಟು ಕೈಯಲ್ಲಿ ಹಿಡಿದವನು ಆವಾಗ ಏನು ಮಾಡಬೇಕು?

ಹೆಂಡತಿ: ಮುಂದಿನವರಿಗೆ ಹಾಕಬೇಕು.

ಗಂಡ: ಹಾಗೇ ಮಾಡಿದ ಕಣೇ! 'ಅಯ್ಯೋ, ಹಾಗಂದ್ರೆ ಹೇಗೆ, ನಮಗೋಸ್ಕರ ಒಂದೇ ಒಂದು ಸೌಟು' ಅನ್ನೋದು ಬೇಡ್ವಾ? ಫುಡ್ ಕೋರ್ಟ್ ಅಂತ ಇಷ್ಟು ದೊಡ್ಡ ಬೋರ್ಡು ಬೇರೆ. ವಿಚಾರಣೆನೇ ಇಲ್ಲದ ಕೋರ್ಟು!

ಹೆಂಡತಿ: ಮನೇಲಿ ನಾನು ವಿಚಾರಿಸಿ ವಿಚಾರಿಸಿ ನಿಮ್ಮನ್ನ ಕೆಡಿಸಿಟ್ಟಿದ್ದೀನಿ. ಕಾಫಿಗೆ ಮೂರು ಸಲ ಕೇಳು, ಊಟಕ್ಕೆ ಮೂರು ಸಲ ಕೇಳು. ಹೊದಿಕೆ ಹೊದ್ದುಕೊಳ್ಳೋಕೂ ಮೂರು ಸಲ ಹೇಳಬೇಕು. ಟೂರ್ ಹೊರಡೋವಾಗಲೇ ಹೇಳಿದ್ದೆ, ಇಲ್ಲಿ ನಾನೂ ಪ್ರವಾಸಿ. ಯಾರನ್ನೂ ಬಲವಂತ ಮಾಡಲ್ಲ.

ಗಂಡ: ಬಲವಂತ ಮಾಡು ಅಂತ ಯಾರು ಅತ್ತರು? ನನಗೇನೂ ಹಸಿವಿಲ್ಲ.

ಹೆಂಡತಿ: ಸರಿ.

ಗಂಡ: ಸರಿ ಅಂದ್ರೆ?

ಹೆಂಡತಿ: ಹಸಿವಿಲ್ಲ ಅಂದ್ರಲ್ಲ. ಸರಿ.

ನೂಡಲ್ಸ್ ಉದ್ದಕ್ಕೆ ಮೇಲೆದ್ದು ಹೆಂಡತಿಯ ಬಾಯಿ ಸೇರುವವರೆಗೂ ಗಂಡನ ಕಣ್ಣು ಅದರ ಹಿಂದೆಯೇ ಹೋಯಿತು.

ಗಂಡ: ಚೆನ್ನಾಗಿದ್ಯಾ?

ಹೆಂಡತಿ: ತುಂಬಾ.

ಗಂಡ: ನನಗೆ ಬೇಡ.

ಹೆಂಡತಿ: ನಾನು ಕೇಳಲೇ ಇಲ್ವಲ್ಲ!

ಅಷ್ಟರಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಪ್ರವಾಸಿ ಬಂದು ಗಂಡ ಕೂತಿದ್ದ ಸ್ಟೂಲನ್ನು ನೋಡಿದ.

ಪ್ರವಾಸಿ: ಊಟ ಆಯ್ತಾ ಸಾರ್? ಈ ಸ್ಟೂಲು ನಿಮಗೆ ಬೇಕಾ?

ಗಂಡ: (ಅರ್ಧ ಎದ್ದು) ಬೇಡ ಬೇಡ, ತಗೊಳ್ಳಿ, ಪರವಾಗಿಲ್ಲ.

ಪ್ರವಾಸಿ ಥ್ಯಾಂಕ್ಸ್ ಹೇಳಿ ಸ್ಟೂಲನ್ನು ಎತ್ತಿಕೊಂಡು ಹೋದ. ಅರ್ಧ ಎದ್ದಿದ್ದ ಗಂಡ ಪೂರ್ತಿ ಏಳಬೇಕಾಯಿತು.

ಗಂಡ: ತಗೊಂಡೇ ಹೋದನಲ್ಲೇ!

ಹೆಂಡತಿ: ನೀವೇ ಕೊಟ್ರಿ.

ಗಂಡ: 'ಛೆ ಛೆ, ನೀವು ಕೂತ್ಕೊಳ್ಳಿ' ಅಂತಾನೆ ಅಂದ್ಕೊಂಡೆ.

ಹೆಂಡತಿ: ನೋಡಿ, ಇನ್ನು ಸ್ವಲ್ಪ ಹೊತ್ತಿಗೆ ದೋಣಿ ಹತ್ತಬೇಕು. ಹತ್ತಿದ ಮೇಲೆ ಸಂಜೆ ತನಕ ನೀರು ಬಿಟ್ರೆ ಬೇರೇನೂ ಸಿಗಲ್ಲ, ಅದೂ ಉಪ್ಪುನೀರು. ಆಮೇಲೆ ತಲೆ ಸುತ್ತುತ್ತೆ ಅಂತ ನನ್ನ ಹೆಗಲ ಮೇಲೆ ಬೀಳಬೇಡಿ. ಹೇಗೂ ಎದ್ದು ನಿಂತಿದ್ದೀರಿ, ಹೋಗಿ 'ಬೇಕು' ಅನ್ನಿ. ಎರಡೇ ಅಕ್ಷರ.

ಗಂಡ: ಬಾಯಿಬಿಟ್ಟು ಬೇಕು ಅನ್ನೋದಾ? ಹೊಟ್ಟೆಬಾಕ ಅಂದ್ಕೊಳ್ಳಲ್ವಾ?

ಹೆಂಡತಿ: ಊಟ ಮಾರೋರು ಹಾಗಂದ್ಕೊಂಡ್ರೆ ಸೌಟು ತೊಳೆದಿಟ್ಟು ಮನೆಗೆ ಹೋಗಬೇಕಾಗುತ್ತೆ. ನಡೀರಿ, ನಾನೂ ಬರ್ತೀನಿ. ಬಾಯಿ ಮಾತ್ರ ಹಾಕಲ್ಲ.

ನೂಡಲ್ಸ್ ಮುಗಿಸಿ, ಮೇಜಿನ ಮೇಲೆ ಕೊಡೆಯೊಂದನ್ನು ಕಾವಲಿಗೆ ಮಲಗಿಸಿ, ಇಬ್ಬರೂ ಹತ್ತಿರದ ಕೌಂಟರಿನ ಸಾಲಿನಲ್ಲಿ ನಿಂತರು. ಸರದಿ ಬಂತು. ಗಾಜಿನ ಹಿಂದೆ ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿ ಮಿನುಗುತ್ತಿತ್ತು. ಸೌಟು ಹಿಡಿದಿದ್ದ ಕೌಂಟರಿನಾಕೆಗೆ ಬೆಳಗಿನಿಂದ ನಿಂತು ಕಾಲು ನೋಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ಕೌಂಟರಿನಾಕೆ: ಬದನೆಕಾಯಿ ಬೇಕಾ ಸಾರ್?

ಗಂಡ ಹೆಂಡತಿಯ ಕಡೆ ನೋಡಿದರು. ಹೆಂಡತಿ ಛಾವಣಿಯ ಕಡೆ ನೋಡಿದರು.

ಗಂಡ: ಅಯ್ಯೋ, ನಿಮಗ್ಯಾಕಮ್ಮ ತೊಂದರೆ.

ಕೌಂಟರಿನಾಕೆ: ತೊಂದರೆ ಏನು ಬಂತು, ಇದೇ ನನ್ನ ಕೆಲಸ. ಹಾಕ್ಲಾ?

ಎರಡನೇ ಸಲ ಕೇಳಿದಳಲ್ಲ! ಗಂಡನ ಮುಖ ಅರಳಿತು.

ಗಂಡ: ಇರ್ಲಿ ಬಿಡಿ.

ಕೌಂಟರಿನಾಕೆ: ಬಿಟ್ಟೆ. ಯಾರ್ರೀ ಮುಂದೆ?

ಗಂಡ: ಅಲ್ಲಮ್ಮ, ಬಿಡಿ ಅಂದ್ರೆ ಬಿಟ್ಟೇಬಿಡೋದಾ?

ಕೌಂಟರಿನಾಕೆ: ಹಿಂದೆ ಎಷ್ಟು ಜನ ನಿಂತಿದ್ದಾರೆ ನೋಡಿ ಸಾರ್. ಬೇಕೋ, ಬೇಡ್ವೋ?

ಗಂಡ: ಸ್ವಲ್ಪ... ಹಾಕಿದ್ರೆ ಹಾಕಿ.

ಆಕೆ ಸೌಟಿನ ತುದಿಯಿಂದ ಒಂದೇ ಒಂದು ಹೋಳು ಹಾಕಿದಳು. ಅಷ್ಟಗಲದ ಬಿಳಿ ತಟ್ಟೆಯಲ್ಲಿ ಅದು ದಿಕ್ಕಿಲ್ಲದೆ ಕುಳಿತಿತ್ತು.

ಗಂಡ: ಏನಮ್ಮ ಇದು?

ಕೌಂಟರಿನಾಕೆ: ಸ್ವಲ್ಪ.

ಗಂಡ: ಸಾಕಾ ಅಂತ ಒಂದು ಮಾತು ಕೇಳಬಾರದಾ?

ಕೌಂಟರಿನಾಕೆ: ಸಾಕಾ?

ಗಂಡ: ಸಾಕು ಸಾಕು.

ಹೆಂಡತಿ: ಅಯ್ಯೋ ನನ್ನ ಕರ್ಮವೇ!

ಗಂಡ: ಅದು ಬಾಯಿಗೆ ತಾನಾಗೇ ಬರುತ್ತೆ ಕಣೇ, ನಾನೇನು ಮಾಡ್ಲಿ?

ಕೌಂಟರಿನಾಕೆ: ಅಮ್ಮ, ಇವರಿಗೆ ನಿಜವಾಗ್ಲೂ ಏನು ಬೇಕು ಅಂತ ನೀವಾದ್ರೂ ಹೇಳಿ.

ಹೆಂಡತಿ: ಹೇಳಲ್ಲ. ಇಷ್ಟು ವರ್ಷ ಇವರ ಹೊಟ್ಟೆಗೆ ನಾನೇ ಬಾಯಿ ಆಗಿದ್ದೆ. ಇವತ್ತು ಇವರ ಬಾಯಿಂದಲೇ ಬರಲಿ.

ಗಂಡ: ನೀನು ಸುಮ್ಮನೆ ದೊಡ್ಡದು ಮಾಡಬೇಡ. ಸಂಕೋಚ ಅನ್ನೋದೂ ಒಂದು ಮರ್ಯಾದೆ. ಅಷ್ಟೇ ಯಾಕೆ, ನಿಮ್ಮಪ್ಪ ಬಂದು ಕೇಳಿದಾಗಲೂ ನಾನು ಮೊದಲು ಬೇಡ ಅಂತಾನೇ ಅಂದಿದ್ದು.

ಹೆಂಡತಿ: ಏನು ಕೇಳಿದಾಗ?

ಗಂಡ: ನಿನ್ನ ವಿಷಯ.

ಕೌಂಟರಿನಾಕೆಯ ಸೌಟು ನಿಂತಿತು. ಅಲ್ಲಿಯವರೆಗೆ ಗೊಣಗುತ್ತಿದ್ದ ಹಿಂದಿನವರು ಮುಂದಕ್ಕೆ ಒತ್ತಿ ಬಂದರು, ಬದನೆಕಾಯಿಗಾಗಿ ಅಲ್ಲ.

ಹೆಂಡತಿ: ಏನಂದ್ರಿ?

ಗಂಡ: ನಿಮ್ಮಪ್ಪ ಕಣ್ಣು ತೋರಿಸೋಕೆ ಅಂಗಡಿಗೆ ಬಂದಿದ್ರಲ್ಲ, ಆವತ್ತು. ಕುರ್ಚೀಲಿ ಕೂತವರು ಇದ್ದಕ್ಕಿದ್ದ ಹಾಗೆ 'ನಮ್ಮ ಹುಡುಗೀನ ಮದುವೆ ಆಗ್ತೀಯೇನಪ್ಪಾ' ಅಂದ್ರು. ಬೇಡ ಅಂದೆ. ಮೊದಲನೇ ಸಲ ತಾನೆ!

ಹೆಂಡತಿ: ಎರಡನೇ ಸಲ?

ಗಂಡ: 'ನಿಮಗ್ಯಾಕೆ ತೊಂದರೆ' ಅಂದೆ.

ಹೆಂಡತಿ: ಮೂರನೇ ಸಲ?

ಗಂಡ: 'ಇರ್ಲಿ ಬಿಡಿ, ನಿಮ್ಮಿಷ್ಟ' ಅಂದೆ.

ಕೌಂಟರಿನಾಕೆ: ನಾನಾಗಿದ್ರೆ ಆವತ್ತೇ ಮುಂದಿನವರನ್ನ ಕರೀತಿದ್ದೆ ಅಮ್ಮ.

ಹೆಂಡತಿ: ಅಪ್ಪ ಇನ್ನೊಂದು ಸಲ ಕೇಳದೆ ಎದ್ದು ಹೋಗಿದ್ರೆ?

ಗಂಡ: ಹೇಗೆ ಹೋಗ್ತಾರೆ? ಮೂಗಿನ ಮೇಲೆ ಆ ಪರೀಕ್ಷೆಯ ಚೌಕಟ್ಟು ಏರಿಸಿ, ದಪ್ಪ ಗಾಜು ಸಿಕ್ಕಿಸಿ ಕೂರಿಸಿದ್ದೆ. ಬಾಗಿಲು ಎಲ್ಲಿದೆ ಅಂತಾನೂ ಕಾಣ್ತಿರಲಿಲ್ಲ.

ಸಾಲು ನಕ್ಕಿತು. ಬೇರೆ ದಿನವಾಗಿದ್ದರೆ ಹೆಂಡತಿಯೂ ನಗುತ್ತಿದ್ದರು. ಇವತ್ತು ನಗಲಿಲ್ಲ, ನಿಜವಾಗಿ ನೋವಾಗಿತ್ತು.

ಹೆಂಡತಿ: ಅಂದ್ರೆ ನಾನು ಬೇಕು ಅಂತ ಇವತ್ತಿನ ತನಕ ನೀವು ಒಂದು ಸಲಾನೂ ಅಂದೇ ಇಲ್ಲ.

ಗಂಡ: ಅದನ್ನೇನು ಅನ್ನೋದು? ಗೊತ್ತಿರೋದೇ ತಾನೆ?

ಹೆಂಡತಿ: ಯಾರಿಗೆ ಗೊತ್ತು? ನಿಮ್ಮ ಹೊಟ್ಟೇಲಿ ಏನಿದೆ ಅಂತ ನನಗೆ ಗೊತ್ತು. ಅದಕ್ಕಿಂತ ಒಂದು ಗೇಣು ಮೇಲೆ ಏನಿದೆ ಅಂತ ಗೊತ್ತಿಲ್ಲ. ಈಗ ಕೇಳ್ತೀನಿ, ಒಂದೇ ಸಲ. ನಾನು ಬೇಕಾ?

ಗಂಡನ ಬಾಯಿ ತೆರೆಯಿತು. ಅಭ್ಯಾಸ ಅನ್ನುವುದು ಬಲು ಕೆಟ್ಟದ್ದು ಸ್ವಾಮಿ.

ಗಂಡ: ಅಯ್ಯೋ, ನಿನಗ್ಯಾಕೆ ತೊಂ...

ಸಾಲು: (ಒಟ್ಟಿಗೆ) ಸಾರ್!

ಹೆಂಡತಿ ಬ್ಯಾಗು ಹೆಗಲಿಗೇರಿಸಿ, ಮುಖ ತಿರುಗಿಸಿ ಹೊರಟೇಬಿಟ್ಟರು. ಗಂಡನಿಗೆ ಹಸಿವು ಮರೆತುಹೋಯಿತು, ಹೆದರಿಕೆಯಾಯಿತು.

ಗಂಡ: ಬೇಕು!

ಆ ತುದಿಯಲ್ಲಿ ಐಸ್ ಕ್ರೀಂ ತಿನ್ನುತ್ತಿದ್ದವರೂ ತಿರುಗಿ ನೋಡಿದರು.

ಗಂಡ: ಬೇಕು ಕಣೇ! ಬೇಕೇ ಬೇಕು!

ಕೌಂಟರಿನಾಕೆ: (ಗಾಬರಿಯಿಂದ) ಎಷ್ಟು ಸಾರ್?

ಗಂಡ: (ಹೆಂಡತಿಯ ಬೆನ್ನನ್ನೇ ನೋಡುತ್ತ) ಪೂರ್ತಿ!

ಆಕೆ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಇದ್ದಬದ್ದ ಬದನೆಕಾಯಿಯನ್ನೆಲ್ಲ ತಟ್ಟೆಗೆ ಸುರಿದಳು. ಸಾಲು ಚಪ್ಪಾಳೆ ತಟ್ಟಿತು. ತಿರುಗಿ ಬಂದ ಹೆಂಡತಿ ನಗುತ್ತಲೂ ಇದ್ದರು, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಲೂ ಇದ್ದರು.

ಇದ್ದ ಒಂದೇ ಸ್ಟೂಲಿನ ಮೇಲೆ ಹೇಗೋ ಇಬ್ಬರೂ ಅಂಟಿಕೊಂಡು ಕುಳಿತರು. ನಡುವೆ ಬದನೆಕಾಯಿಯ ಗುಡ್ಡ, ಅದಕ್ಕೆ ಎರಡು ಕಡೆಯಿಂದಲೂ ಚಮಚ ಬಿತ್ತು.

ಗಂಡ: ನನ್ನ ಮರ್ಯಾದೆಯಂತೂ ಊರಿಗೆಲ್ಲ ಗೊತ್ತಾಯ್ತು. ನಿನ್ನ ಕಥೆ ಹೇಳು. ನಿಮ್ಮಪ್ಪ ನಿನ್ನ ಎಷ್ಟು ಸಲ ಕೇಳಿದ್ರು?

ಹೆಂಡತಿ: ನನ್ನ ಯಾಕೆ ಕೇಳ್ತಾರೆ?

ಗಂಡ: ನಿನ್ನ ಕೇಳದೇನೇ ನನ್ನ ಹತ್ರ ಬಂದ್ರಾ?

ಹೆಂಡತಿ: ನಾನೇ ಕಳಿಸಿದ್ದು. 'ಕನ್ನಡಕದ ಅಂಗಡೀಲಿ ಒಬ್ಬರಿದ್ದಾರೆ, ನನಗೆ ಅವರೇ ಬೇಕು' ಅಂದೆ. ಅಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ.

ಚಮಚ ಗಂಡನ ಬಾಯಿಯ ಹತ್ತಿರವೇ ನಿಂತಿತು.

ಗಂಡ: ಏನೂ ಆಗಿರಲಿಲ್ವಾ? ಅದಕ್ಕೇ ಗಾಜು ಸಿಕ್ಕಿಸೋ ಮೊದಲೇ ಬೋರ್ಡಿನ ಕೊನೇ ಸಾಲಿನ ಸಣ್ಣ ಅಕ್ಷರಾನೂ ಪಟಪಟ ಓದಿಬಿಟ್ರು! ಅಲ್ವೇ, ಮತ್ತೆ ಕನ್ನಡಕ ಯಾಕೆ ಮಾಡಿಸ್ಕೊಂಡ್ರು? ಅದನ್ನ ಹಾಕ್ಕೊಂಡು ಬದುಕಿರೋ ತನಕ ಹೊಸ್ತಿಲು ಎಡವ್ತಾ ಓಡಾಡಿದ್ರಲ್ಲ!

ಹೆಂಡತಿ: ಪಾಪ, ಏನು ಮಾಡ್ತಾರೆ? ಬೇಡ ಅಂದ್ರೂ ನೀವು ಮೂರು ಸಲ ಕೇಳಿದ್ರಂತೆ.