ಉಳ್ಳಾಗಡ್ಡಿ ಸಿಪ್ಪೆಯ ಕಷಾಯ

ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಬಂದವರೂ ಒಂದು ಮದ್ದು ಹೇಳದೆ ಹೋಗುವುದಿಲ್ಲ. ನನ್ನ ಹೆಂಡತಿ ಸುಮಿತ್ರಾಗೆ ಕ್ಯಾನ್ಸರ್ ಎಂದು ತಿಳಿದಾಗ ನಾಸಿಕ್‌ನ ನಮ್ಮ ಮನೆಯಲ್ಲೂ ಹಾಗೇ ಆಯಿತು. ಆ ಮದ್ದುಗಳನ್ನೆಲ್ಲ ಚಪ್ಪಲಿ ಬಿಡುವ ಜಾಗದಲ್ಲೇ ತಡೆದೆ. ನಾನು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ದುಡಿದವನು. ಡ್ರಾಯಿಂಗ್ ನೋಡದೆ ಒಂದು ರಿವೆಟ್ಟನ್ನೂ ಹೊಡೆದವನಲ್ಲ. ಅಂಥವನು ಮಗಳ ಒಂದು ಫೋನಿಗೆ ಬಿದ್ದೆ.

ಮಗಳು ಸಂಭಾಜಿನಗರದಲ್ಲಿ ಸಂಶೋಧನೆ ಮಾಡುತ್ತಾಳೆ. ಸಸ್ಯಗಳಲ್ಲಿರುವ ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ಅವಳ ಕೆಲಸ. ಒಂದು ಸಂಜೆ, "ಪಪ್ಪಾ, ಉಳ್ಳಾಗಡ್ಡಿ ಸಿಪ್ಪಿದು ಹಾಕಿದ್ವಿ. ಪ್ಲೇಟ್‌ನ್ಯಾಗ ಸಗಳೇ ಸೆಲ್ಸ್ ಸತ್ತ ಹೋದ್ವು!" ಎಂದಳು. ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡಕ್ಕೆ ಮರಾಠಿಯ ಒಗ್ಗರಣೆ; ಸಗಳೇ ಎಂದರೆ ಎಲ್ಲ. ನಮ್ಮ ಮನೆಯಲ್ಲಿ ಪ್ಲೇಟು ಎಂದರೆ ಊಟದ್ದು. ತಿಂದರೆ ರೋಗ ಸಾಯುತ್ತದೆ ಎಂದು ತಿಳಿದುಕೊಂಡೆ. ಸಿಪ್ಪೆಯನ್ನು ಅಗಿಯಲಾಗದು, ಹಾಗಾಗಿ ಕುದಿಸುವುದೆಂದು ನಿಶ್ಚಯಿಸಿದೆ.

ಪಿಂಪಳಗಾಂವ್‌ನ ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಸಿಪ್ಪೆ ಗಾಳಿಗೆ ಹಾರಾಡುತ್ತಿರುತ್ತದೆ. ನಾನು ಬಗ್ಗಿ ಬಗ್ಗಿ ಚೀಲ ತುಂಬುವುದನ್ನು ಕಂಡ ಹಮಾಲನೊಬ್ಬ, "ಕಾಕಾ, ಕಾಂದಾ ನಕೋ ಕಾ?" ಉಳ್ಳಾಗಡ್ಡಿಯೇ ಬೇಡವೇ ಎಂದು ನಕ್ಕ. ಸುಮಿತ್ರಾ ಕೂಡ ಬಿಡಲಿಲ್ಲ. "ಅಲ್ರೀ, ಗಡ್ಡಿ ಊರಿಗೆ ಬಿಟ್ಟು ಸಿಪ್ಪಿ ಹೆಂಡ್ತಿಗೆ ತರೋ ಗಂಡ ಇಡೀ ನಾಸಿಕ್‌ನ್ಯಾಗ ನೀವೊಬ್ರ!" ಎನ್ನುತ್ತಲೇ ಮೂಗು ಹಿಡಿದು ಗ್ಲಾಸು ಖಾಲಿ ಮಾಡುತ್ತಿದ್ದಳು. ಹೆಂಗದ ಎಂದರೆ, ಅಡ್ಡಿಯಿಲ್ಲ ಎನ್ನುತ್ತಿದ್ದಳು. ಆಸ್ಪತ್ರೆಯ ಚಿಕಿತ್ಸೆಯಿಂದ ಬಾಯಿ ಕೆಟ್ಟು ಅನ್ನ ಸಾರೂ ಸೇರದ ದಿನಗಳಲ್ಲಿ ಇದೊಂದನ್ನು ಮಾತ್ರ ಬಿಡಲಿಲ್ಲ. ಮದ್ದು ಹಿಡಿಯಿತೆಂದು ಇನ್ನೊಂದು ಚೀಲ ತಂದೆ. ಆ ಚೀಲ ಅರ್ಧ ಉಳಿದಿರುವಾಗಲೇ ಅವಳು ಹೋದಳು.

ಮಾಸಿಕ ಶ್ರಾದ್ಧಕ್ಕೆ ಬಂದ ಮಗಳು ಅಡುಗೆಮನೆಯಲ್ಲಿ ಚೀಲ ಕಂಡು ನಿಂತುಬಿಟ್ಟಳು. ಪ್ಲೇಟಿನಲ್ಲಿ ಎಲ್ಲ ಸತ್ತವೆಂದು ನೀನೇ ಹೇಳಿದ್ದೆಯಲ್ಲ ಎಂದೆ.

"ಪ್ಲೇಟ್ ಅಂದ್ರ ಲ್ಯಾಬಿನ ಸಣ್ಣ ತಟ್ಟಿ, ಪಪ್ಪಾ. ಅದರಾಗ ಉಪ್ಪು ಜಾಸ್ತಿ ಆದ್ರೂ ಸೆಲ್ಸ್ ಸಾಯ್ತಾವ. ಮೈಯಾಗ ಹಂಗ ಇರಂಗಿಲ್ಲ."

"ಆವಾಗ ಹೇಳಬಾರದಿತ್ತೇನವಾ?"

"ಆಯಿಗೆ ಹೇಳಿದ್ದೆ." ತಾಯಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೇ. " ಪಪ್ಪಾಗ ಹೇಳಬ್ಯಾಡ ಅಂದ್ಲು. 'ಮುಂಜಾನೆ ಎದ್ದು ಸುಮ್ನ ನನ್ನ ಮಾರಿ ನೋಡ್ಕೋತ ಕೂಡ್ತಿದ್ರು. ಈಗ ಒಲಿ ಮುಂದ ನಿಂತು ಹಾಡ್ತಾರ. ಇರ್ಲಿ ಬಿಡು' ಅಂದ್ಲು."

ನಾನು ಹಾಡುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ.

ಮಗಳು ಸ್ನಾನಕ್ಕೆ ಹೋದಾಗ ಒಂದು ಹಿಡಿ ಸಿಪ್ಪೆ ಕುದಿಸಿ ಸೋಸಿದೆ. ಅಷ್ಟು ದಿನ ಕಾಸಿ ಕೊಟ್ಟವನು ಒಮ್ಮೆಯೂ ಅದನ್ನು ಬಾಯಿಗಿಟ್ಟಿರಲಿಲ್ಲ. ಮೂಗು ಹಿಡಿದೇ ಕುಡಿದೆ. ಎರಡನೇ ಗುಟುಕು ಇಳಿಯಲಿಲ್ಲ.