ಗಡಿಗೆರೆಯ ಮೇಲೆ ನಿಂತ ಕಾರು

ಅಪಘಾತವಾದ ಕಾರು, ಪರಿಶೀಲಕರು ನೋಡಿ ಮುಗಿಸುವವರೆಗೆ, ಇದ್ದ ಜಾಗದಲ್ಲಿ ಇದ್ದ ಹಾಗೆಯೇ ಇರತಕ್ಕದ್ದು. ಇದು ವಿಮಾ ಕಚೇರಿಯ ಏಳನೇ ನಿಯಮ. ಹೊರದೇಶದಲ್ಲಿ ಆದ ಹಾನಿಗೆ ಕಚೇರಿ ಹೊಣೆಯಲ್ಲ. ಇದು ಎಂಟನೆಯದು. ದರ್ಜಿ ಎರಡನ್ನೂ ಓದದೆ ಸಹಿ ಹಾಕಿದ್ದ. ಓದಿ ಸಹಿ ಹಾಕಿದವರನ್ನು ಕಚೇರಿಯೂ ಕಂಡಿರಲಿಲ್ಲ.

ಪ್ರತಿ ಸೋಮವಾರ ಅವನು ಗಡಿ ದಾಟಿ, ಆಚೆ ದೇಶದ ಆಸ್ಪತ್ರೆಗೆ ದಾದಿಯರ ಸಮವಸ್ತ್ರ ಒಪ್ಪಿಸಿ ಬರುತ್ತಿದ್ದ. ಅವನಿಗಿದ್ದ ಗಿರಾಕಿ ಅದೊಂದೇ. ಕಾರಿಲ್ಲದಿದ್ದರೆ ಅದೂ ಇಲ್ಲ.

ಒಂದು ಸೋಮವಾರ ಗೇಟಿನ ಕಾವಲುಗಾರ ಹಗ್ಗ ಹಿಡಿದುಕೊಂಡೇ ಸೀನಿದ. ಹಗ್ಗ ಸಡಿಲಿ, ಅದು ಎತ್ತಿ ಹಿಡಿದಿದ್ದ ಅಡ್ಡಗಂಬ ದರ್ಜಿಯ ಕಾರಿನ ಮೂತಿಯ ಮೇಲೆ ಬಿತ್ತು. ಬಾನೆಟ್ ಅಪ್ಪಚ್ಚಿಯಾಯಿತು. ಮುಂದಿನ ಗಾಜು ಪುಡಿಯಾಗಿ, ಚೌಕಟ್ಟಿನಲ್ಲಿ ಕೆಲವು ಮೊನೆಗಳು ಮಾತ್ರ ಉಳಿದವು.

ಗಡಿಯ ಬಿಳಿ ಗೆರೆ ಕಾರಿನ ಹೊಟ್ಟೆಯಡಿ ಹಾದುಹೋಗಿತ್ತು. ಮುಂದಿನ ಸೀಟು ಹೊರದೇಶದಲ್ಲಿ. ಹಿಂದಿನ ಸೀಟು ಸ್ವದೇಶದಲ್ಲಿ.

ಮೂರನೇ ದಿನ ಪರಿಶೀಲಕರು ಬಂದರು. ಕಾರಿನ ಹಿಂಭಾಗವನ್ನು ಬೆರಳಿನಿಂದ ತಟ್ಟಿದರು.

"ಚೆನ್ನಾಗೇ ಇದೆಯಲ್ಲಯ್ಯಾ ಗಾಡಿ."

"ಸ್ವಾಮಿ, ಮುಂದೆ ನೋಡಿ."

"ಮುಂದೆ ನೋಡೋಕೆ ಪಾಸ್‌ಪೋರ್ಟ್ ಬೇಕು. ನನ್ನ ವ್ಯಾಪ್ತಿ ಹಿಂದಿನ ಸೀಟಿನ ತನಕ."

"ಕತ್ತು ಒಂಚೂರು ಚಾಚಿದ್ರೆ ಕಾಣುತ್ತೆ."

"ಕತ್ತು ಚಾಚಿದ್ರೆ ವಿದೇಶ ಪ್ರವಾಸ ಆಗುತ್ತೆ. ಮೇಲಿನವರ ಅಪ್ಪಣೆ ಬೇಕು."

"ಹಾಗಾದ್ರೆ ನಾಲ್ಕಡಿ ಹಿಂದಕ್ಕೆ ತಳ್ಳಿಬಿಡ್ಲಾ?"

"ತಳ್ಳು. ವಿಮೆ ರದ್ದು ಮಾಡ್ತೀನಿ. ಏಳನೇ ನಿಯಮ."

ಅವರು ವರದಿ ಬರೆದರು: "ಸ್ವದೇಶದಲ್ಲಿರುವ ಕಾರಿಗೆ ಯಾವ ಹಾನಿಯೂ ಇಲ್ಲ. ಹೊರದೇಶದಲ್ಲಿರುವ ಕಾರಿನ ಬಗ್ಗೆ ಮಾಹಿತಿ ಇಲ್ಲ. ಪರಿಶೀಲನೆ ಅಪೂರ್ಣ."

ಅಪೂರ್ಣವಾದ್ದರಿಂದ ಕಾರು ಅಲ್ಲಾಡುವಂತಿರಲಿಲ್ಲ. ಅಡ್ಡಗಂಬವೂ ಸಾಕ್ಷಿ. ಅದೂ ಮೇಲೇಳಲಿಲ್ಲ. ಹಗ್ಗವೂ ಸಾಕ್ಷಿಯಾದ್ದರಿಂದ ಕಾವಲುಗಾರರು ಪಾಳಿಯ ಮೇಲೆ ಅದನ್ನು ಹಿಡಿದು ನಿಂತರು.

ಗೇಟಿನ ಎರಡೂ ಬದಿಗೆ ಗೋಡೆ. ಕಾರಿಗೂ ಗೋಡೆಗೂ ನಡುವೆ ಗೇಣು ಜಾಗ. ಜನಕ್ಕೆ ದಾರಿಯಿಲ್ಲದಂತಾಗಿ, ಹತ್ತನೇ ದಿನ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

"ಗಡಿ ದಾಟುವವರು ಕಾರಿನ ಸಾಮಾನಿಡುವ ಹಿಂಬಾಗಿಲಿನಿಂದ ಪ್ರವೇಶಿಸಿ, ಒಡೆದ ಗಾಜಿನ ಮೂಲಕ ನಿರ್ಗಮಿಸತಕ್ಕದ್ದು. ಸೀಟು ಹತ್ತುವ ಮುನ್ನ ಪಾದರಕ್ಷೆ ಕಳಚತಕ್ಕದ್ದು. ಹಾರನ್ ಮೇಲೆ ಕಾಲಿಡಕೂಡದು. ದಪ್ಪಗಿರುವವರು ಮೂರು ದಿನ ಮುಂಚೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು."

ಜನ ಚಪ್ಪಲಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತರು.

ಪರಿಶೀಲನೆ ಯಾವ ಗಳಿಗೆಯಲ್ಲಾದರೂ ಮುಂದುವರಿಯಬಹುದು, ಆಗ ಮಾಲೀಕ ಹಾಜರಿರಬೇಕು. ಹಾಗಾಗಿ ದರ್ಜಿ ಮುಂದಿನ ಸೀಟು ಬಿಡಲಿಲ್ಲ. ಹೆಂಡತಿ ಹಿಂಬಾಗಿಲಿನಿಂದ ನುಗ್ಗಿ ಹಿಂದಿನ ಸೀಟಿಗೆ ಬಂದಳು.

"ಏನ್ರೀ, ಮನೆ ಅನ್ನೋದು ನೆನಪಿದೆಯಾ?"

"ಪರಿಶೀಲನೆ ಮುಗೀಲಿ ಕಣೇ."

"ಆಸ್ಪತ್ರೆಯವರು ಬೇರೆ ದರ್ಜೀನ ಹಿಡಿದ್ರಂತೆ."

ಅವನು ಸ್ಟಿಯರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಈ ತಗಡನ್ನ ಒದ್ದು ಎದ್ದು ಬನ್ನಿ."

"ಹದಿನಾಲ್ಕು ವರ್ಷ ತಪ್ಪದೆ ಕಂತು ಕಟ್ಟಿದೀನಿ. ಈಗ ಎದ್ರೆ ಅವರೇ ಗೆದ್ದ ಹಾಗೆ."

"ಕೂತು ನೀವೇನು ಗೆದ್ದಿದೀರಿ?"

ಅಷ್ಟರಲ್ಲಿ ಗಾಜು ದಾಟುತ್ತಿದ್ದ ಒಬ್ಬ ಮೇಷ್ಟ್ರ ಪ್ಯಾಂಟು ಮೊನೆಗೆ ಸಿಕ್ಕಿ ಪರ್‍ರೆಂದು ಹರಿಯಿತು. ದರ್ಜಿ ಜೇಬಿನಿಂದ ಸೂಜಿ ತೆಗೆದ.

ಮರುದಿನ ಹೊಲಿಗೆ ಯಂತ್ರ ಬಂತು. ದಾಟಿದವರೆಲ್ಲ ಏನಾದರೊಂದು ಹರಿದುಕೊಳ್ಳುತ್ತಿದ್ದರು. ಆಚೆ ದೇಶದವರೂ ಈಚೆ ದೇಶದವರೂ ಒಂದೇ ರೀತಿ ಹರಿದುಕೊಂಡರು. ಮಳೆಗಾಲದ ಹೊತ್ತಿಗೆ ದರ್ಜಿ ಆಸ್ಪತ್ರೆಯನ್ನು ಮರೆತಿದ್ದ.

ವರ್ಷ ತುಂಬಿದ ಮೇಲೆ ಪರಿಶೀಲಕರಿಗೆ ವಿದೇಶ ಪ್ರವಾಸದ ಅಪ್ಪಣೆ ಸಿಕ್ಕಿತು. ಅವರು ಹಿಂಬಾಗಿಲಿನಿಂದ ಹೊಕ್ಕು, ಎರಡು ಸೀಟು ದಾಟಿ, ಹೊರದೇಶ ತಲುಪಿದರು. ಪ್ಯಾಂಟು ಮಾತ್ರ ಗಾಜಿನಲ್ಲೇ ಉಳಿಯಿತು. ದರ್ಜಿ ಅದನ್ನು ತೆಗೆದುಕೊಂಡ. ಅವರು ಚಡ್ಡಿಯಲ್ಲೇ ನಿಂತು ಬಾನೆಟ್ ಪರಿಶೀಲಿಸಿದರು.

"ಹಾನಿ ಆಗಿದೆ ಕಣಯ್ಯ. ಆದ್ರೆ ಹೊರದೇಶದಲ್ಲಿ ಆಗಿದೆ. ಎಂಟನೇ ನಿಯಮ. ಏನೂ ಕೊಡೋಕಾಗಲ್ಲ. ಪೂರ್ಣ ಅಂತ ಬರೀತೀನಿ, ಗಾಡಿ ತಗೊಂಡು ಮನೆಗೆ ಹೋಗು."

ದರ್ಜಿಯ ಯಂತ್ರ ನಿಂತಿತು. ಸಾಲಿನಲ್ಲಿದ್ದವರೂ ಅವನ ಮುಖ ನೋಡಿದರು.

"ಸ್ವಾಮಿ, ಅಪೂರ್ಣ ಅಂತಲೇ ಬರೀರಿ."

"ಅಪ್ಪಣೆ ಸಿಕ್ಕ ಮೇಲೂ ಹಾಗೆ ಬರೆದ್ರೆ ತಿಂಗಳಿಗೊಮ್ಮೆ ನಾನು ಬರಬೇಕಾಗುತ್ತೆ."

"ಬನ್ನಿ. ವಿದೇಶ ಪ್ರವಾಸದ ಭತ್ಯೆ ಇದ್ದೇ ಇದೆಯಲ್ಲ?"

ಪರಿಶೀಲಕರು ಯೋಚಿಸಿದರು. ಗಾಳಿ ತಣ್ಣಗಿತ್ತು. ಪ್ಯಾಂಟು ದರ್ಜಿಯ ಕೈಯಲ್ಲಿತ್ತು. ಅವರು ಅಪೂರ್ಣವೆಂದು ಬರೆದರು.

ಅದೇ ವಾರ ಕಚೇರಿಯಿಂದ ಪ್ರಮಾಣಪತ್ರವೂ ಬಂತು: ಇಡೀ ವರ್ಷ ಒಂದೂ ಅಪಘಾತ ಮಾಡದ ಜವಾಬ್ದಾರಿಯುತ ಚಾಲಕ. ದರ್ಜಿ ಅದನ್ನು ಸ್ಟಿಯರಿಂಗ್‌ಗೆ ಅಂಟಿಸಿದ.

ಈಗ ಹೆಂಡತಿಯೂ ದಿನಾ ಬರುತ್ತಾಳೆ. ಸ್ವದೇಶದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಮುಂದಕ್ಕೆ ಕೊಡುತ್ತಾಳೆ. ಮೊನ್ನೆ ಮೂವರು ದಾಟಿದರೂ ಯಾರ ಬಟ್ಟೆಯೂ ಹರಿಯಲಿಲ್ಲ. ಅವಳು ಕತ್ತು ಚಾಚಿ ನೋಡಿ ಹೇಳಿದಳು:

"ರೀ, ಗಾಜಿನ ಮೊನೆ ಸವೆದಿದೆ. ಬಿಡುವಾದಾಗ ಸ್ವಲ್ಪ ಮಸೀರಿ."