ಸಕ್ಕರೆ ಗೂಡಿನ ಚಿಲಕ

ಮುಳಬಾಗಿಲಿನ ಚನ್ನರಾಯಪ್ಪನಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಇದ್ದಷ್ಟನ್ನೂ ಜಿಪುಣತನಕ್ಕೆ ಮೀಸಲಿಟ್ಟಿದ್ದ. ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಮಗಳ ಮದುವೆಯಲ್ಲಿ ಬೆಲ್ಲದ ಕಾಫಿ ಕೊಟ್ಟರೆಂದು ಮಾಲೂರಿನ ಬೀಗರು ಕಂಡಕಂಡಲ್ಲಿ ಆಡಿಕೊಂಡಿದ್ದರು. ಇವತ್ತು ಸಂಜೆ ಹೊಸ ಅಳಿಯ ಬರುವವನಿದ್ದ. ಈ ಸಲವಾದರೂ ಮಾನ ಉಳಿಯಲೆಂದು ಚನ್ನರಾಯಪ್ಪ ಒಂದು ಡಬ್ಬಿ ಸಕ್ಕರೆ ಕೂಡಿಟ್ಟಿದ್ದ. ಆದರೆ ಹೆಂಡತಿ ಅಶ್ವತ್ಥಮ್ಮನದು ದೊಡ್ಡ ಕೈ. ಅದಕ್ಕೇ ಗೋಡೆಯ ಗೂಡಿಗೆ ಚಿಲಕ ಹಾಕಿ ಬೀಗ ಜಡಿಯಲು ಬೆಳಿಗ್ಗೆಯೇ ಹೊರಟ.

ಚಿಲಕಕ್ಕೆ ತೂತು ಬೇಕು. ಕೂಲಿ ಕೊಡಲು ಕೈ ಬಾರದು. ಪಕ್ಕದ ಮನೆಯ ಮುದಿ ಬಡಗಿ ವೆಂಕಟರಮಣಪ್ಪನ ಹತ್ತಿರ ಮರ ಕೊರೆಯುವ ಬೈರಿಗೆ ಎರವಲು ಕೇಳಿದ. ಬೈರಿಗೆಯ ಜೊತೆಗೆ ಬಡಗಿಯೂ ಬಂದ.

"ಏಮಯ್ಯಾ, ಬೈರಿಗೆ ಒಬ್ಬನ ಕೈಲಿ ಆಗೋ ಕೆಲಸಾನಾ? ನಾನು ಅದುಮಿ ಹಿಡೀತೀನಿ, ನೀನು ಹಗ್ಗ ಎಳಿ."

ಚನ್ನರಾಯಪ್ಪ ಮಜ್ಜಿಗೆ ಕಡೆಯುವವನ ಹಾಗೆ ಹಗ್ಗ ಎಳೆದ. ತೂತು ಸೊಟ್ಟಗಾಯಿತು. ಸದ್ದು ಕೇಳಿ ಎದುರುಮನೆಯ ಕದಿರಪ್ಪ ಓಡಿಬಂದ. ಚಿನ್ನದ ಗಣಿಯಲ್ಲಿ ಫಿಟ್ಟರು, ರಜೆಯಲ್ಲಿ ಬಂದಿದ್ದ.

"ಅಜ್ಜನ ಕಾಲದ ಬೈರಿಗೆ ಎಸೀಲಾ ಅತ್ಲಾಗೆ! ನೋಡು, ಸೀಮೆ ಡ್ರಿಲ್ಲು. ಹಲ್ಲಿನ ಚಕ್ರ ತಿರುಗಿಸಿದ್ರೆ ಕಬ್ಬಿಣಾನೂ ತೂತು!"

"ಕಬ್ಬಿಣಕ್ಕೆ ಅದು, ಮರಕ್ಕೆ ಇದು. ನಿನಗೇನೋ ಗೊತ್ತು?" ಬಡಗಿ ರೇಗಿದ.

ಜಗಳ ಬಿಡಿಸಲು ಚನ್ನರಾಯಪ್ಪ, "ಲೇ, ಕಾಫಿ ತಾರೇ!" ಎಂದು ಕೂಗಿದ. ಬೆಲ್ಲದ್ದೇ ಬರುತ್ತದೆಂದು ಅವನ ಲೆಕ್ಕ.

ಗೂಡಿನ ಮರದ ಬಾಗಿಲಿಗೆ ತೂತಾಯಿತು. ಆಮೇಲೆ ಮೂವರಿಗೂ ಹೊಳೆಯಿತು: ಚಿಲಕದ ಕೊಂಡಿ ಕೂರಬೇಕಾದ ಚೌಕಟ್ಟು ಕಲ್ಲಿನದು. ಸೀಮೆ ಡ್ರಿಲ್ಲು ಅದರ ಮೇಲೆ ಜಾರಿತೇ ಹೊರತು ಕೊರೆಯಲಿಲ್ಲ. ಕಲ್ಲುಕುಟಿಗ ಪೆದ್ದಪ್ಪನನ್ನು ಕರೆಸಿದರು. ಅವನು ಚಾಣವನ್ನು ಒಂದು ಏಟಿಗೆ ಒಂದು ಸಲ ತಿರುಗಿಸುತ್ತ ಮಧ್ಯಾಹ್ನದವರೆಗೂ ಬಡಿದ. ನೋಡಲು ಬೀದಿಯೇ ಬಂತು. ಬಂದವರೆಲ್ಲ ಬುದ್ಧಿ ಹೇಳಿದರು, ಒಬ್ಬನೂ ಸುತ್ತಿಗೆ ಮುಟ್ಟಲಿಲ್ಲ. ಅವರ ಬಾಯಿ ಮುಚ್ಚಿಸಲು ಚನ್ನರಾಯಪ್ಪ ಮತ್ತೆ ಮತ್ತೆ ಕಾಫಿಗೆ ಕೂಗಿದ.

ಕೊನೆಗೆ ಬೀಗ ಬಿತ್ತು. ಎಲ್ಲರೂ ಹೋದ ಮೇಲೆ ಚನ್ನರಾಯಪ್ಪ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಕೋಟೆ ಗೆದ್ದವನಂತೆ ಕಾಲುಚಾಚಿ ಮಲಗಿದ. ಎದ್ದಾಗ ಬಿಸಿಲು ಇಳಿದಿತ್ತು, ಅಶ್ವತ್ಥಮ್ಮ ಎದುರಿಗೆ ನಿಂತಿದ್ದಳು.

"ರೀ, ಈ ಡಬ್ಬಿ ಒಳಗಿಡ್ತೀರಾ? ಕಲ್ಲುಪುಡಿ ಬೀಳುತ್ತೆ ಅಂತ ತೆಗೆದಿದ್ದೆ."

ಡಬ್ಬಿ ಹಗುರವಾಗಿತ್ತು. "ಸಕ್ಕರೆ ಎಲ್ಲೇ?"

"ಕಾಫಿ ಕಾಫಿ ಅಂತ ಕೂಗಿದ್ದು ನಾನಾ? ಪುಕ್ಕಟೆ ದುಡಿಯೋರಿಗೆ ಬೆಲ್ಲದ ಕಾಫಿ ಕೊಟ್ಟು ಇನ್ನೊಂದ್ಸಲ ಆಡಿಸ್ಕೊಳ್ಳಬೇಕಿತ್ತಾ?"

ಬೀದಿಯಲ್ಲಿ ಜಟಕಾ ನಿಂತಿತು. ಅಳಿಯ! ಚನ್ನರಾಯಪ್ಪ ಹಿತ್ತಿಲ ಬಾಗಿಲಿನಿಂದ ಸುತ್ತುಹಾಕಿ ಕದಿರಪ್ಪನ ಮನೆಗೆ ಓಡಿದ. ಅವನ ಹೆಂಡತಿ ಭಾರತಮ್ಮ ಹೊಸ್ತಿಲಲ್ಲಿದ್ದಳು.

"ಒಂದು ಲೋಟ ಸಕ್ಕರೆ ಕೊಡಮ್ಮ, ಮಾನ ಉಳಿಸು."

"ಅಯ್ಯೋ ಅಣ್ಣಾ, ಡಬ್ಬಿ ತುಂಬ ಐತೆ. ಆದ್ರೆ ನಮ್ಮೋರು ನಿಮ್ಮನೆಯಿಂದ ಬಂದೋರೇ ನಮ್ಮ ಮರದ ಗೂಡಿಗೂ ಅದೇ ಡ್ರಿಲ್ಲಲ್ಲಿ ತೂತು ಹಾಕಿ, ಬೀಗ ಜಡಿದು, ಬೀಗದಕೈ ಉಡಿದಾರಕ್ಕೆ ಕಟ್ಕೊಂಡು, ರಜಾ ಮುಗೀತು ಅಂತ ಗಣಿಗೆ ಹೊರಟುಹೋದ್ರು. ಚನ್ನರಾಯಪ್ಪನಂಥ ಬುದ್ಧಿವಂತ ಈ ಬೀದೀಲೇ ಇಲ್ಲ ಅಂತ ಹೊಗಳಿದ್ದೇ ಹೊಗಳಿದ್ದು!"

ಎದುರುಮನೆಯಿಂದ ಅಶ್ವತ್ಥಮ್ಮ ಬೆಲ್ಲ ಕುಟ್ಟುವ ಸದ್ದು ಕೇಳಿಸಿತು.